ಶಾಂತಿ ಪ್ರಕ್ರಿಯೆಯಲ್ಲಿ ನಾಗರಿಕ ಸಮಾಜ

ಯುದ್ಧವನ್ನು ಅಥವಾ ಸಶಸ್ತ್ರ ಸಂಘರ್ಷವನ್ನು ಮಾತುಕತೆಯಿಂದ ನಿಲ್ಲಿಸುವ, ನಿಂತ ಮೇಲೆ ಮತ್ತೆ ಹೊತ್ತಿಕೊಳ್ಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಶಾಂತಿ ಪ್ರಕ್ರಿಯೆ ಎನ್ನುತ್ತಾರೆ. ಸರ್ಕಾರಕ್ಕೆ ಸೇರದ, ಬಂದೂಕು ಹಿಡಿಯದ, ಲಾಭಕ್ಕಾಗಿಯೂ ನಡೆಯದ ಜನರ ಕೂಟಗಳು ನಾಗರಿಕ ಸಮಾಜ ಎನಿಸಿಕೊಳ್ಳುತ್ತವೆ. ಚರ್ಚು, ಮಸೀದಿ, ಮಠಗಳು, ಮಹಿಳಾ ಸಂಘಗಳು, ಕಾರ್ಮಿಕ ಸಂಘಟನೆಗಳು, ವಕೀಲರ ಸಂಘ, ಬುಡಕಟ್ಟು ಮಂಡಳಿ, ಸಂತೆಯಲ್ಲಿ ಮೀನು-ತರಕಾರಿ ಮಾರುವ ಹೆಂಗಸರ ಗುಂಪು ಎಲ್ಲವೂ ಇದರೊಳಗೆ ಬರುತ್ತವೆ. ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳನ್ನಷ್ಟೇ ನಾಗರಿಕ ಸಮಾಜ ಎಂದುಕೊಳ್ಳುವ ರೂಢಿ ಈಚೆಗೆ ಬೆಳೆದಿದೆ. ಹಾಗೆ ಎಣಿಸಿದರೆ ಈ ವಿಷಯದ ಮುಕ್ಕಾಲು ಪಾಲು ಕಣ್ಣಿಗೆ ಬೀಳುವುದಿಲ್ಲ.

ಸಂಧಾನದ ಮೇಜಿನ ಸುತ್ತ ಕೂರುವವರು ಸಾಮಾನ್ಯವಾಗಿ ಯುದ್ಧ ಮಾಡಿದವರೇ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಬಂಡುಕೋರರು, ನಡುವೆ ನೆರೆಯ ದೇಶದವರೋ ವಿಶ್ವಸಂಸ್ಥೆಯವರೋ ಇರುತ್ತಾರೆ. ಗುಂಡು ಹಾರಿಸುವವರು ಒಪ್ಪದೆ ಗುಂಡು ನಿಲ್ಲದು, ಅವರನ್ನು ಕರೆಯಲೇಬೇಕು. ಆದರೆ ಕದನವಿರಾಮದ ಮರುದಿನ ಎದುರು ಬಣದವರ ಜೊತೆ ಒಂದೇ ಬಾವಿಯಲ್ಲಿ ನೀರು ಸೇದಬೇಕಾದವರು, ಮಗನನ್ನು ಕೊಂದವನ ಮನೆ ಮುಂದೆಯೇ ಹಾದು ಹೊಲಕ್ಕೆ ಹೋಗಬೇಕಾದವರು ಅಲ್ಲಿ ಇರುವುದಿಲ್ಲ. ಶಾಂತಿಯನ್ನು ಬಾಳಿ ತೋರಿಸಬೇಕಾದವರು ಇವರು, ಒಪ್ಪಂದದ ಫಲ ಹಂಚಿಕೊಳ್ಳುವವರು ಬೇರೆಯವರು. ಈ ಕ್ಷೇತ್ರದ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ ಇದೇ.

ಪರಿಕಲ್ಪನೆ

ಅಧಿಕೃತ ರಾಜತಾಂತ್ರಿಕತೆಯ ಮಗ್ಗುಲಲ್ಲಿ ಖಾಸಗಿ ವ್ಯಕ್ತಿಗಳು ನಡೆಸುವ ಮಾತುಕತೆಗೆ ಅಮೆರಿಕದ ಜೋಸೆಫ್ ಮಾಂಟ್‌ವಿಲ್ 1981ರಲ್ಲಿ ‘ಟ್ರ್ಯಾಕ್ ಟೂ’ ಎಂದು ಹೆಸರಿಟ್ಟರು. ಜಾನ್ ಪಾಲ್ ಲೆಡರಾಕ್ 1997ರಲ್ಲಿ ಸಂಘರ್ಷದಲ್ಲಿರುವ ಸಮಾಜವನ್ನು ಪಿರಮಿಡ್ಡಿನಂತೆ ಚಿತ್ರಿಸಿದರು. ತುದಿಯಲ್ಲಿ ಸೇನಾಪತಿಗಳು ಮತ್ತು ಮಂತ್ರಿಗಳು, ತಳದಲ್ಲಿ ಊರಿನ ಜನ, ನಡುವೆ ಧರ್ಮಗುರುಗಳು, ಮೇಷ್ಟ್ರುಗಳು, ಸಂಘಗಳ ಮುಖಂಡರು. ಈ ನಡುವಿನವರಿಗೆ ಮೇಲಿನವರ ಮನೆ ಬಾಗಿಲೂ ಗೊತ್ತು, ಕೆಳಗಿನವರ ಸಂಕಟವೂ ಗೊತ್ತು. ಶಾಂತಿ ನಿಲ್ಲುವುದು ಇವರ ಬಲದಿಂದ ಎಂಬುದು ಲೆಡರಾಕ್ ವಾದ. 2000ದ ಅಕ್ಟೋಬರ್ 31ರಂದು ಭದ್ರತಾ ಮಂಡಳಿ ಅಂಗೀಕರಿಸಿದ 1325ನೆಯ ನಿರ್ಣಯ, ಶಾಂತಿ ಮಾತುಕತೆಗಳಲ್ಲಿ ಮಹಿಳೆಯರು ಪಾಲ್ಗೊಳ್ಳಬೇಕೆಂದು ಸದಸ್ಯ ರಾಷ್ಟ್ರಗಳಿಗೆ ಹೇಳಿತು.

ತಾನಿಯಾ ಪಾಫೆನ್‌ಹೋಲ್ಜ್ ಮತ್ತು ಸಂಗಡಿಗರು ಹಲವು ದೇಶಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿ ನಾಗರಿಕ ಸಮಾಜ ಮಾಡುವ ಕೆಲಸಗಳನ್ನು ಏಳಾಗಿ ವಿಂಗಡಿಸಿದ್ದಾರೆ. ಜನರನ್ನು ಹಿಂಸೆಯಿಂದ ಕಾಪಾಡುವುದು, ಕದನವಿರಾಮದ ಉಲ್ಲಂಘನೆಯ ಮೇಲೆ ಕಣ್ಣಿಡುವುದು, ಬೇಡಿಕೆಯನ್ನು ದನಿ ಎತ್ತಿ ಹೇಳುವುದು, ಶಾಂತಿಯ ನಡವಳಿಕೆ ಕಲಿಸುವುದು, ಒಡೆದ ಸಮುದಾಯಗಳನ್ನು ಬೆಸೆಯುವುದು, ಎದುರಾಳಿಗಳ ನಡುವೆ ಸಂಧಾನ ನಡೆಸುವುದು, ಅನ್ನ-ಔಷಧ ತಲುಪಿಸುವುದು. 2010ರಲ್ಲಿ ಪ್ರಕಟವಾದ ಈ ಅಧ್ಯಯನದ ಒಂದು ನಿರ್ಣಯ ಗಮನಿಸತಕ್ಕದ್ದು. ಹಣ ಕೊಡುವವರಿಗೆ ಪ್ರಿಯವಾದ ಕಮ್ಮಟ, ಸೌಹಾರ್ದ ಶಿಬಿರಗಳಿಂದ ಸಿಕ್ಕ ಫಲ ಕಡಿಮೆ. ಜೀವ ಉಳಿಸುವ, ಕಣ್ಗಾವಲಿಡುವ, ಒತ್ತಡ ಹೇರುವ ಕೆಲಸಗಳಿಂದ ಸಿಕ್ಕ ಫಲವೇ ಹೆಚ್ಚು. ಸ್ವೀಡನ್ನಿನ ದೆಸಿರೆ ನಿಲ್ಸನ್ 1989ರಿಂದ 2004ರವರೆಗಿನ ಶಾಂತಿ ಒಪ್ಪಂದಗಳನ್ನು ಪರಿಶೀಲಿಸಿ 2012ರಲ್ಲಿ ಬರೆದ ಪ್ರಬಂಧದ ಪ್ರಕಾರ, ನಾಗರಿಕ ಸಂಘಟನೆಗಳನ್ನು ಒಳಗೊಂಡ ಒಪ್ಪಂದ ಮುರಿದುಬೀಳುವ ಸಾಧ್ಯತೆ ಉಳಿದವುಗಳಿಗಿಂತ ಶೇ. 64ರಷ್ಟು ಕಡಿಮೆ. ಸಂಘಟನೆಗಳು ಬಂದದ್ದರಿಂದ ಶಾಂತಿ ಉಳಿಯಿತೋ, ಶಾಂತಿಗೆ ಹದವಾದ ನೆಲದಲ್ಲೇ ಸಂಘಟನೆಗಳಿಗೂ ಜಾಗ ಸಿಕ್ಕಿತೋ ಎಂಬ ಪ್ರಶ್ನೆಯನ್ನು ಅಂಕಿಸಂಖ್ಯೆ ಪೂರ್ತಿ ಬಗೆಹರಿಸಲಾರದು. ಅದಕ್ಕೆ ಒಂದೊಂದು ದೇಶದ ಕತೆಯನ್ನೇ ಹತ್ತಿರದಿಂದ ನೋಡಬೇಕು.

ಲೈಬೀರಿಯಾ

ಅಮೆರಿಕದಿಂದ ಬಂದು ನೆಲೆಸಿದ ಕಪ್ಪು ಜನ 1847ರಲ್ಲಿ ಗಣರಾಜ್ಯವೆಂದು ಘೋಷಿಸಿಕೊಂಡ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಇದು. ವಲಸೆ ಬಂದವರ ಸಂತತಿಯೇ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿ, ಮೊದಲಿಂದ ಅಲ್ಲಿದ್ದ ಬುಡಕಟ್ಟುಗಳನ್ನು ಹೊರಗಿಟ್ಟಿತು. 1980ರಲ್ಲಿ ಸ್ಯಾಮ್ಯುಯೆಲ್ ಡೋ ಎಂಬ ಸಾರ್ಜೆಂಟ್ ಸೇನಾ ಕ್ರಾಂತಿ ನಡೆಸಿದ. ಅಧ್ಯಕ್ಷ ವಿಲಿಯಂ ಟಾಲ್ಬರ್ಟ್ ಕೊಲೆಯಾದರು. 1989ರ ಡಿಸೆಂಬರ್ 24ರಂದು ಚಾರ್ಲ್ಸ್ ಟೇಲರನ ಪಡೆ ಐವರಿ ಕೋಸ್ಟಿನ ಗಡಿ ದಾಟಿ ಒಳನುಗ್ಗಿತು. ಅಲ್ಲಿಂದ 2003ರವರೆಗೆ, ನಡುವಿನ ಸ್ವಲ್ಪ ಬಿಡುವು ಬಿಟ್ಟರೆ, ಯುದ್ಧವೇ. ಸುಮಾರು 30 ಲಕ್ಷ ಜನರಿದ್ದ ನಾಡಿನಲ್ಲಿ ಎರಡೂವರೆ ಲಕ್ಷ ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಹತ್ತು ವರ್ಷದ ಹುಡುಗರ ಕೈಗೂ ಬಂದೂಕು ಬಂದಿತ್ತು.

ಶಾಂತಿಗಾಗಿ ಮೊದಲು ಹೊರಟವರು ಧರ್ಮಗುರುಗಳು. ಕ್ರೈಸ್ತ ಚರ್ಚುಗಳ ಮಂಡಳಿಯೂ ಮುಸ್ಲಿಂ ಮಂಡಳಿಯೂ ಸೇರಿ 1990ರಲ್ಲಿ ಅಂತರ್ಧರ್ಮೀಯ ಸಂಧಾನ ಸಮಿತಿ ಕಟ್ಟಿದವು. ಅವರು ಸಿದ್ಧಪಡಿಸಿದ ಕರಡನ್ನೇ ಮುಂದೆ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಒಕ್ಕೂಟ ತನ್ನ ಶಾಂತಿ ಯೋಜನೆಯಾಗಿ ಎತ್ತಿಕೊಂಡಿತು. ಆದರೆ ಅದೇ ವರ್ಷದ ಜುಲೈ 29ರ ರಾತ್ರಿ, ರಾಜಧಾನಿ ಮನ್ರೋವಿಯಾದ ಸೇಂಟ್ ಪೀಟರ್ಸ್ ಲೂಥರನ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಡೋ ಸರ್ಕಾರದ ಸೈನಿಕರು ಕೊಂದರು. ಈ ಚರ್ಚಿನ ಹೆಸರು ಕತೆಯಲ್ಲಿ ಮತ್ತೆ ಬರುತ್ತದೆ.

ಆಮೇಲಿನ ವರ್ಷಗಳಲ್ಲಿ ಒಂದರ ಹಿಂದೊಂದು ಒಪ್ಪಂದಗಳಾದವು, ಮುರಿದವು. ಸಹಿ ಹಾಕಿದವನಿಗೆ ಪದವಿ ಸಿಗುತ್ತಿತ್ತು. ಅದನ್ನು ಕಂಡ ಇನ್ನೊಬ್ಬ ಹೊಸ ಬಣ ಕಟ್ಟುತ್ತಿದ್ದ. 1994ರಲ್ಲಿ ಮೇರಿ ಬ್ರೌನೆಲ್ ಎಂಬ ಶಿಕ್ಷಕಿಯ ಮುಂದಾಳತ್ವದಲ್ಲಿ ಹುಟ್ಟಿದ ಲೈಬೀರಿಯಾ ಮಹಿಳೆಯರ ವೇದಿಕೆ ಒಂದೇ ಮಾತನ್ನು ಹಿಡಿದು ಹೇಳಿತು: ಮೊದಲು ಬಂದೂಕು ಕೆಳಗಿಡಿ, ಆಮೇಲೆ ಚುನಾವಣೆ. ಕರೆಯದಿದ್ದರೂ ಅವರು ಮಾತುಕತೆ ನಡೆಯುವ ಊರಿಗೆಲ್ಲ ಹೋದರು. 1996ರಲ್ಲಿ ರುತ್ ಪೆರ್ರಿ ಮಧ್ಯಂತರ ಆಡಳಿತದ ಮುಖ್ಯಸ್ಥೆಯಾದರು. 1997ರ ಚುನಾವಣೆಯಲ್ಲಿ ಟೇಲರನೇ ಮುಕ್ಕಾಲು ಪಾಲು ಮತ ಪಡೆದು ಗೆದ್ದ. ಅವನು ಸೋತರೆ ಮತ್ತೆ ಯುದ್ಧ ಎಂಬ ಭಯ ಜನರಲ್ಲಿತ್ತು. 1999ರ ಹೊತ್ತಿಗೆ ಲುರ್ಡ್ ಎಂಬ ಬಂಡುಕೋರ ಪಡೆ ಉತ್ತರದಿಂದ ಏರಿಬಂತು. 2003ರಲ್ಲಿ ಮಾಡೆಲ್ ಎಂಬ ಇನ್ನೊಂದು ಪಡೆಯೂ ಅದಕ್ಕೆ ಜೊತೆಯಾಯಿತು.

ಲೈಮಾ ಬೋವೀ ಲೂಥರನ್ ಚರ್ಚಿನ ಆಘಾತ ಪರಿಹಾರ ಕಾರ್ಯಕ್ರಮದಲ್ಲಿ ಬಾಲಸೈನಿಕರೊಡನೆ ಕೆಲಸ ಮಾಡುತ್ತಿದ್ದ ಸಮಾಜ ಕಾರ್ಯಕರ್ತೆ. ಪಶ್ಚಿಮ ಆಫ್ರಿಕಾದ ಮಹಿಳಾ ಶಾಂತಿ ಜಾಲ ವಿಪ್‌ನೆಟ್‌ನ ಲೈಬೀರಿಯಾ ಶಾಖೆಗೆ ಅವರು ಸಂಯೋಜಕಿಯಾದರು. ಹೆಂಗಸರು ಸೇರತೊಡಗಿದ್ದು, 1990ರಲ್ಲಿ ರಕ್ತ ಹರಿದಿದ್ದ ಆ ಸೇಂಟ್ ಪೀಟರ್ಸ್ ಚರ್ಚಿನಲ್ಲಿ. ಪೊಲೀಸ್ ಅಧಿಕಾರಿಯಾಗಿದ್ದ ಅಸಾಟು ಬಾ ಕೆನೆತ್ ಎದ್ದು ನಿಂತು, ತಾನು ಮುಸ್ಲಿಂ, ತಮ್ಮ ಹೆಂಗಸರನ್ನೂ ಕರೆತರುತ್ತೇನೆ ಎಂದರು. ಶುಕ್ರವಾರ ಮಸೀದಿಯ ಬಳಿ, ಶನಿವಾರ ಸಂತೆಯಲ್ಲಿ, ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರೊಡನೆ ಮಾತಾಡಿ ಚಳವಳಿ ಕಟ್ಟಿದರು. ಹೊರಗಿನವರಿಗೆ ಕಾಣುವುದು ಮೆರವಣಿಗೆ. ಅದರ ಹಿಂದಿನ ಈ ತಿಂಗಳುಗಟ್ಟಲೆ ಓಡಾಟ ಯಾರ ವರದಿಯಲ್ಲೂ ಬರುವುದಿಲ್ಲ.

2003ರ ಏಪ್ರಿಲ್‌ನಲ್ಲಿ ಟಬ್‌ಮನ್ ಬುಲೆವಾರ್ಡ್ ರಸ್ತೆಯ ಪಕ್ಕ, ಮೀನು ಮಾರ್ಕೆಟ್ಟಿನ ಬಯಲಿನಲ್ಲಿ ಅವರು ಕೂತರು. ಟೇಲರನ ವಾಹನಗಳ ಸಾಲು ಹಾದುಹೋಗುವ ದಾರಿ ಅದು. ಎಲ್ಲರಿಗೂ ಬಿಳಿ ಅಂಗಿ, ತಲೆಗೆ ಬಿಳಿ ಬಟ್ಟೆ. ಒಡವೆ ಇಲ್ಲ, ಬಣ್ಣವಿಲ್ಲ. ಮೈತುಂಬ ಅಲಂಕರಿಸಿಕೊಳ್ಳುವ ಆ ನಾಡಿನ ಹೆಂಗಸರು ಹೀಗೆ ಬರಿಗೊರಳಲ್ಲಿ ಕೂತದ್ದು ಶೋಕದ ಗುರುತು. ಯಾರು ಉಳ್ಳವರು, ಯಾರು ಇಲ್ಲದವರು ಎಂದು ತಿಳಿಯದಂತೆಯೂ ಅದು ಮಾಡಿತು. ಬಿಸಿಲಲ್ಲೂ ಕೂತರು, ಮಳೆಯಲ್ಲೂ ಕೂತರು. ಟೇಲರ್ ರಾಜೀನಾಮೆ ಕೊಡಲಿ ಎಂದಾಗಲಿ ಬಂಡುಕೋರರು ಗೆಲ್ಲಲಿ ಎಂದಾಗಲಿ ಅವರು ಕೇಳಲಿಲ್ಲ. ಯುದ್ಧ ನಿಲ್ಲಬೇಕು, ಮಾತುಕತೆ ಆಗಬೇಕು, ಶಾಂತಿ ಕಾಯುವ ಪಡೆ ಬರಬೇಕು, ಇಷ್ಟೇ. ಬೇಡಿಕೆಯನ್ನು ಹೀಗೆ ಮೊಟಕಾಗಿಟ್ಟದ್ದು ಈ ಚಳವಳಿಯ ದೊಡ್ಡ ಜಾಣ್ಮೆ. ಎರಡು ಬಣದವರೂ ಅವರನ್ನು ಎದುರಾಳಿಯ ಏಜೆಂಟರೆಂದು ಕರೆಯಲಾಗಲಿಲ್ಲ.

ಏಪ್ರಿಲ್ 23ರಂದು ಟೇಲರ್ ಅವರನ್ನು ಭೇಟಿಗೆ ಕರೆದ. ಬೋವೀ ಮನವಿ ಓದಿದ್ದು ಅವನ ಕಡೆಗೆ ಮುಖ ಮಾಡಿಯಲ್ಲ, ಅಲ್ಲಿದ್ದ ಅಧಿಕಾರಸ್ಥ ಹೆಂಗಸು, ಸೆನೆಟ್ಟಿನ ಗ್ರೇಸ್ ಮೈನರ್ ಕಡೆಗೆ ತಿರುಗಿ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳಿಕೊಳ್ಳುವ ಸಂಕಟವನ್ನು ಅಧ್ಯಕ್ಷ ಕೂತು ಕೇಳಬೇಕಾಯಿತು. ಮಾತುಕತೆಗೆ ಹೋಗುವುದಾಗಿ ಅವನು ಒಪ್ಪಿದ. ಬಂಡುಕೋರರ ಮುಖಂಡರನ್ನು ಕಂಡು ಒಪ್ಪಿಸಲು ಕೆಲವರು ಸಿಯೆರಾ ಲಿಯೋನಿಗೆ ಹೋದರು. ಗಂಡಂದಿರ ಜೊತೆ ಮಲಗುವುದಿಲ್ಲ ಎಂದು ಹೂಡಿದ ಮುಷ್ಕರ ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಅದರಿಂದ ಪ್ರಚಾರ ಸಿಕ್ಕಿತೇ ಹೊರತು ಯುದ್ಧದ ಮೇಲೆ ಆದ ಪರಿಣಾಮ ಅಲ್ಪ ಎಂದು ಬೋವೀ ಅವರೇ ಒಪ್ಪಿಕೊಂಡಿದ್ದಾರೆ. ಈ ಚಳವಳಿಯನ್ನು ಬರೀ ಆ ಒಂದು ಸಂಗತಿಯಿಂದ ನೆನೆಯುವುದು ಬಿಸಿಲಲ್ಲಿ ಕೂತ ಸಾವಿರಾರು ಹೆಂಗಸರಿಗೆ ಮಾಡುವ ಅನ್ಯಾಯ.

ಜೂನ್ 4ರಂದು ಘಾನಾದಲ್ಲಿ ಮಾತುಕತೆ ಶುರುವಾಯಿತು. ಅದೇ ದಿನ ಸಿಯೆರಾ ಲಿಯೋನ್ ವಿಶೇಷ ನ್ಯಾಯಾಲಯ ಟೇಲರನ ಮೇಲಿನ ಯುದ್ಧಾಪರಾಧ ಆರೋಪವನ್ನು ಬಹಿರಂಗಪಡಿಸಿತು. ಅವನು ತರಾತುರಿಯಲ್ಲಿ ಮನ್ರೋವಿಯಾಕ್ಕೆ ವಾಪಸಾದ. ಜೂನ್ 17ರಂದು ಸಹಿಯಾದ ಕದನವಿರಾಮ ಕೆಲವೇ ದಿನ ಉಳಿಯಿತು. ನೈಜೀರಿಯಾದ ಮಾಜಿ ಸೇನಾಡಳಿತಗಾರ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಮಧ್ಯಸ್ಥಿಕೆ ವಹಿಸಿದ್ದರು. ಬಣಗಳ ಪ್ರತಿನಿಧಿಗಳು ಒಳ್ಳೆಯ ಹೋಟೆಲಿನಲ್ಲಿ ಉಳಿದು ಯಾರಿಗೆ ಯಾವ ಖಾತೆ ಎಂದು ವಾರಗಟ್ಟಲೆ ಚೌಕಾಸಿ ನಡೆಸಿದರು. ಮನ್ರೋವಿಯಾದಲ್ಲಿ ಷೆಲ್ ಬೀಳುತ್ತಲೇ ಇತ್ತು. ಘಾನಾದ ಬುಡುಬುರಾಂ ನಿರಾಶ್ರಿತ ಶಿಬಿರದ ಲೈಬೀರಿಯಾ ಹೆಂಗಸರೂ ಬಸ್ಸಿನಲ್ಲಿ ಬಂದು ಸಭಾಂಗಣದ ಹೊರಗೆ ಕೂರುತ್ತಿದ್ದರು.

ಜುಲೈ 21ರಂದು ಮನ್ರೋವಿಯಾದ ಮೇಲೆ ಭಾರಿ ದಾಳಿಯಾದ ಸುದ್ದಿ ಬಂತು. ಬೋವೀ ಮತ್ತು ಸಂಗಾತಿಯರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು ತೋಳಿಗೆ ತೋಳು ಹೆಣೆದರು. ಒಪ್ಪಂದವಾಗುವವರೆಗೆ ಒಳಗಿದ್ದವರು ಯಾರೂ ಹೊರಬರುವಂತಿಲ್ಲ ಎಂದು ಚೀಟಿ ಬರೆದು ಒಳಗೆ ಕಳಿಸಿದರು. ಬಂಧಿಸಲು ಕಾವಲಿನವರು ಬಂದಾಗ ಬೋವೀ ತಲೆಯ ಬಟ್ಟೆ ಬಿಚ್ಚಿ, ಮೈಮೇಲಿನ ಉಡುಪನ್ನೂ ಕಳಚಲು ಕೈ ಹಾಕಿದರು. ತಾಯಿ ವಯಸ್ಸಿನ ಹೆಂಗಸು ಬೇಕೆಂದೇ ಬೆತ್ತಲಾದರೆ ಅದನ್ನು ಕಂಡವರಿಗೆ ಶಾಪ ತಟ್ಟುತ್ತದೆ ಎಂಬ ನಂಬಿಕೆ ಪಶ್ಚಿಮ ಆಫ್ರಿಕಾದಲ್ಲಿ ಆಳವಾಗಿದೆ. ಕಾವಲಿನವರು ಹಿಂದೆ ಸರಿದರು. ಹೆಂಗಸರನ್ನು ದಾಟಿ ಹೊರಹೋಗಲು ನೋಡಿದ ಬಣದ ಮುಖಂಡನನ್ನು ಅಬೂಬಕರ್ ಗದರಿಸಿ ಒಳಗೆ ಕಳಿಸಿದರು. ಪ್ರತಿನಿಧಿಗಳು ತಪ್ಪದೆ ಸಭೆಗೆ ಬರಬೇಕು, ಬಂದುಹೋಗುವಾಗ ಹೆಂಗಸರನ್ನು ಅವಮಾನಿಸಬಾರದು ಎಂಬ ಮಾತಿನ ಮೇಲೆ ಬಾಗಿಲಲ್ಲಿ ಕೂತವರು ಎದ್ದರು.

ಹೊರಗೆ ಕೂತವರಷ್ಟೇ ಅಲ್ಲ, ಒಳಗೂ ಹೆಂಗಸರಿದ್ದರು ಎಂಬುದನ್ನು ಬಹಳ ಬರಹಗಳು ಬಿಟ್ಟುಬಿಡುತ್ತವೆ. ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್ ಮೂರೂ ದೇಶದವರು ಕಟ್ಟಿದ ಮಾನೋ ನದಿ ಮಹಿಳಾ ಶಾಂತಿ ಜಾಲದ ಪ್ರತಿನಿಧಿಗಳು ಮಾತುಕತೆಯಲ್ಲಿ ಭಾಗವಹಿಸಿ ಒಪ್ಪಂದಕ್ಕೆ ಸಾಕ್ಷಿ ಸಹಿ ಹಾಕಿದರು. ಒಳಗಿದ್ದವರಿಗೆ ಕರಡಿನ ಭಾಷೆ ಗೊತ್ತಿತ್ತು, ಹೊರಗಿದ್ದವರಿಗೆ ಜನಬಲವಿತ್ತು. ಒಂದಿಲ್ಲದೆ ಇನ್ನೊಂದು ನಡೆಯುತ್ತಿರಲಿಲ್ಲ.

ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಕ್ಕೆ ಹೋದ. 18ರಂದು ಅಕ್ರಾದಲ್ಲಿ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿಯಾಯಿತು. ಮಧ್ಯಂತರ ಶಾಸನಸಭೆಯ 76 ಸ್ಥಾನಗಳಲ್ಲಿ ಹಳೆಯ ಸರ್ಕಾರ, ಲುರ್ಡ್, ಮಾಡೆಲ್ ಈ ಮೂವರಿಗೆ ತಲಾ 12, ರಾಜಕೀಯ ಪಕ್ಷಗಳಿಗೆ 18, ಜಿಲ್ಲೆಗಳಿಗೆ 15. ನಾಗರಿಕ ಸಮಾಜಕ್ಕೂ ವಿಶೇಷ ಹಿತಾಸಕ್ತಿ ಗುಂಪುಗಳಿಗೂ ಸೇರಿ 7. ಸಚಿವಾಲಯಗಳ ಹೆಚ್ಚಿನ ಪಾಲು ಬಂದೂಕು ಹಿಡಿದ ಮೂರು ಬಣಗಳಿಗೇ ಹೋಯಿತು. ಶಾಂತಿಗಾಗಿ ಹಗಲಿರುಳು ಕೂತವರಿಗೆ ಮೆಚ್ಚುಗೆ ಸಿಕ್ಕಿತು, ಅದನ್ನು ಮುರಿಯಬಲ್ಲವರಿಗೆ ಖಜಾನೆ ಸಿಕ್ಕಿತು.

ಹೆಂಗಸರು ಮನೆಗೆ ಹೋಗಲಿಲ್ಲ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಪಡೆ ಶೀಫೆಲಿನ್ ಪಾಳೆಯದಲ್ಲಿ ನಿಶ್ಶಸ್ತ್ರೀಕರಣ ಆರಂಭಿಸಿದಾಗ ಊಹಿಸಿದ್ದಕ್ಕಿಂತ ಎಷ್ಟೋ ಪಟ್ಟು ಜನ ಬಂದರು. ಹಣ ತಕ್ಷಣ ಸಿಗದೆ ಗಲಭೆಯೆದ್ದು ಸಾವುಗಳಾದವು. ಆ ಹುಡುಗರ ಭಾಷೆ, ಊರು, ತಾಯಂದಿರು ಯಾರೆಂದು ಬಲ್ಲ ವಿಪ್‌ನೆಟ್ ಹೆಂಗಸರು ಪಾಳೆಯಗಳಿಗೆ ಹೋಗಿ ಸಮಾಧಾನ ಹೇಳಿದರು. 2004ರ ಏಪ್ರಿಲ್‌ನಲ್ಲಿ ಕೆಲಸ ಮತ್ತೆ ಶುರುವಾದಾಗ ಅವರ ನೆರವೂ ಇತ್ತು. ಕೊನೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು, ಒಪ್ಪಿಸಿದ ಬಂದೂಕುಗಳು ಸುಮಾರು 28 ಸಾವಿರ. 2005ರಲ್ಲಿ ಮತದಾರರ ಪಟ್ಟಿಗೆ ಹೆಂಗಸರನ್ನು ಸೇರಿಸುವ ಅಭಿಯಾನ ನಡೆಯಿತು. ಸಂತೆಯವರು ಹೆಸರು ಬರೆಸಲು ಹೋದಾಗ ಅವರ ಅಂಗಡಿಯನ್ನೂ ಕೂಸನ್ನೂ ಕಾರ್ಯಕರ್ತೆಯರು ನೋಡಿಕೊಂಡರು. ಪಟ್ಟಿಯಲ್ಲಿ ಅರ್ಧದಷ್ಟು ಹೆಂಗಸರೇ ಆದರು. ಎಲೆನ್ ಜಾನ್ಸನ್ ಸರ್‌ಲೀಫ್ ಗೆದ್ದು ಆಫ್ರಿಕಾದಲ್ಲಿ ಚುನಾಯಿತರಾದ ಮೊದಲ ಮಹಿಳಾ ಅಧ್ಯಕ್ಷೆಯಾದರು. 2011ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಅವರು, ಬೋವೀ ಮತ್ತು ಯೆಮನ್ನಿನ ತವಕ್ಕುಲ್ ಕರ್ಮಾನ್ ಹಂಚಿಕೊಂಡರು. ಲೈಬೀರಿಯಾದ ವಿಶ್ವಸಂಸ್ಥೆ ಪಡೆಯಲ್ಲಿ 2007ರಿಂದ 2016ರವರೆಗೆ ಭಾರತದ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳಾ ತುಕಡಿಗಳು ಸರದಿಯಂತೆ ಸೇವೆ ಸಲ್ಲಿಸಿದವು. ವಿಶ್ವಸಂಸ್ಥೆಯ ಶಾಂತಿ ಕಾರ್ಯಾಚರಣೆಯಲ್ಲಿ ಬರೀ ಮಹಿಳೆಯರ ಪೊಲೀಸ್ ತುಕಡಿ ಅದೇ ಮೊದಲು.

ನಾಗಾ ಬೆಟ್ಟಗಳು

ಭಾರತದ ಅತಿ ದೀರ್ಘ ಶಾಂತಿ ಪ್ರಕ್ರಿಯೆ ನಾಗಾಲ್ಯಾಂಡಿನದು. 1964ರ ಆರಂಭದಲ್ಲಿ ವೋಖಾದಲ್ಲಿ ಸೇರಿದ ಬ್ಯಾಪ್ಟಿಸ್ಟ್ ಚರ್ಚುಗಳ ಸಮಾವೇಶ, ಭಾರತ ಸರ್ಕಾರಕ್ಕೂ ನಾಗಾ ಬಂಡುಕೋರರಿಗೂ ನಡುವೆ ಸಂಧಾನಕ್ಕೆ ಶಾಂತಿ ನಿಯೋಗವೊಂದನ್ನು ರಚಿಸಬೇಕೆಂದು ಕೇಳಿತು. ಜಯಪ್ರಕಾಶ ನಾರಾಯಣ (ಜೆ.ಪಿ.), ಅಸ್ಸಾಮಿನ ಮುಖ್ಯಮಂತ್ರಿ ಬಿ.ಪಿ. ಚಾಲಿಹಾ, ಇಂಗ್ಲಿಷ್ ಪಾದ್ರಿ ಮೈಕೆಲ್ ಸ್ಕಾಟ್ ನಿಯೋಗಕ್ಕೆ ಬಂದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಕದನವಿರಾಮ ಜಾರಿಗೆ ಬಂತು. ಅದರ ಪಾಲನೆಯನ್ನು ನೋಡಿಕೊಂಡ ವೀಕ್ಷಕರೂ ಸೈನಿಕರಲ್ಲ, ನಾಗರಿಕರು. ತಮಿಳುನಾಡಿನ ಗಾಂಧಿವಾದಿ ಎಂ. ಅರಾಮ್ ವರ್ಷಗಟ್ಟಲೆ ಅಲ್ಲೇ ನೆಲೆಸಿ ಶಾಂತಿ ಕೇಂದ್ರ ನಡೆಸಿದರು. 1966ರಲ್ಲಿ ಜೆ.ಪಿ. ರಾಜೀನಾಮೆ ಕೊಟ್ಟರು, ಸ್ಕಾಟ್ ಅವರನ್ನು ಸರ್ಕಾರ ದೇಶದಿಂದ ಹೊರಗೆ ಕಳಿಸಿತು, ನಿಯೋಗ ಮುಗಿಯಿತು. 1972ರವರೆಗೂ ಕದನವಿರಾಮ ಹೆಸರಿಗೆ ಉಳಿದಿತ್ತು. ಊರುಗಳು ಆ ಎಂಟು ವರ್ಷ ಹೊಲಕ್ಕೆ ಹೋದವು, ಶಾಲೆ ತೆರೆದವು.

ಆಮೇಲಿನ ದಶಕಗಳಲ್ಲಿ ಭೂಗತ ಸಂಘಟನೆಗಳು ಒಡೆದು ನಾಗರು ನಾಗರನ್ನೇ ಕೊಲ್ಲತೊಡಗಿದರು. 1984ರಲ್ಲಿ ಹುಟ್ಟಿದ ನಾಗಾ ತಾಯಂದಿರ ಸಂಘ ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನವನ್ನು 1994ರಲ್ಲಿ ಆರಂಭಿಸಿತು. ಯಾರೂ ಕೇಳಲು ಬಾರದ ಹೆಣ ಸಿಕ್ಕರೆ, ಅದು ಯಾವ ಬಣದ್ದೆಂದು ನೋಡದೆ, ಈ ತಾಯಂದಿರು ನಾಗಾ ಶಾಲು ಹೊದಿಸಿ ಮಣ್ಣು ಮಾಡಿದರು. ಇದಕ್ಕೆ ಹಳೆಯ ಬೇರಿದೆ. ತಾಂಗ್‌ಖುಲ್ ನಾಗರಲ್ಲಿ ಒಂದು ಊರಲ್ಲಿ ಹುಟ್ಟಿ ಇನ್ನೊಂದು ಊರಿಗೆ ಮದುವೆಯಾಗಿ ಹೋದವಳನ್ನು ‘ಪುಕ್ರೈಲಾ’ ಎನ್ನುತ್ತಿದ್ದರು. ಎರಡು ಊರುಗಳ ನಡುವೆ ಕಾಳಗ ಹತ್ತಿದರೆ ಅವಳು ನಡುವೆ ಬಂದು ನಿಲ್ಲಬಹುದಿತ್ತು, ಅವಳ ಮೈಮುಟ್ಟುವಂತಿರಲಿಲ್ಲ. ತವರಿನವರೂ ಅವಳವರೇ, ಗಂಡನ ಕಡೆಯವರೂ ಅವಳವರೇ.

1997ರ ಆಗಸ್ಟ್ 1ರಂದು ಕೇಂದ್ರ ಸರ್ಕಾರದೊಡನೆ ಕದನವಿರಾಮ ಜಾರಿಯಾದ ಮೇಲೂ ಬಣಗಳ ಕಾದಾಟ ನಿಲ್ಲಲಿಲ್ಲ. ಧರ್ಮಶಾಸ್ತ್ರಜ್ಞ ವಾಟಿ ಐಯರ್ ಮುಂದಾಳತ್ವದ ನಾಗಾ ಸಮನ್ವಯ ವೇದಿಕೆ 2008ರಿಂದ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಬಣಗಳನ್ನು ಕೂರಿಸಿ ಮಾತಾಡಿಸಿತು. 2009ರ ಜೂನ್‌ನಲ್ಲಿ ಮೂರು ಬಣಗಳ ನಾಯಕರು ಸಮನ್ವಯದ ಒಡಂಬಡಿಕೆಗೆ ಸಹಿ ಹಾಕಿದರು. ಸರ್ಕಾರ ಇಲ್ಲದೆ, ಸಚಿವ ಸ್ಥಾನದ ಹಂಚಿಕೆಯಿಲ್ಲದೆ ಆದ ಒಪ್ಪಂದ ಅದು. ಅದರ ನಂತರ ಬಣಗಳ ನಡುವಿನ ಕೊಲೆಗಳು ಗಣನೀಯವಾಗಿ ಇಳಿದವು. ಕೇಂದ್ರ ಸರ್ಕಾರದೊಡನೆ 2015ರ ಆಗಸ್ಟ್ 3ರಂದು ಆದ ಚೌಕಟ್ಟು ಒಪ್ಪಂದಕ್ಕೆ ದೇಶವ್ಯಾಪಿ ಪ್ರಚಾರ ಸಿಕ್ಕಿತು, ಈ ಒಡಂಬಡಿಕೆಗೆ ಸಿಗಲಿಲ್ಲ.

ನಾಗರಿಕ ಸಮಾಜವೆಂದರೆ ಎಲ್ಲರೂ ಒಂದೇ ದನಿಯವರಲ್ಲ ಎಂಬುದಕ್ಕೂ ನಾಗಾಲ್ಯಾಂಡೇ ಸಾಕ್ಷಿ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ಶೇ. 33 ಮೀಸಲಾತಿ ಬೇಕೆಂದು ತಾಯಂದಿರ ಸಂಘ ಕೇಳಿದಾಗ, ಗಂಡಸರೇ ತುಂಬಿದ್ದ ಬುಡಕಟ್ಟು ಮಂಡಳಿಗಳು ಸಂಪ್ರದಾಯದ ಹೆಸರಿನಲ್ಲಿ ವಿರೋಧಿಸಿದವು. 2017ರಲ್ಲಿ ದಿಮಾಪುರದಲ್ಲಿ ಇಬ್ಬರು ಸತ್ತರು, ಕೊಹಿಮಾದಲ್ಲಿ ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಬಿತ್ತು. ಮೀಸಲಾತಿಯೊಡನೆ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ. ಶಾಂತಿಗಾಗಿ ಹೆಣಕ್ಕೆ ಶಾಲು ಹೊದಿಸಿದ ತಾಯಿ ಬೇಕು, ವಾರ್ಡಿನ ಸದಸ್ಯೆಯಾದ ತಾಯಿ ಬೇಡ ಎಂಬ ಈ ನಿಲುವು ನಾಗಾಲ್ಯಾಂಡಿಗಷ್ಟೇ ಸೀಮಿತವಲ್ಲ.

ನಲ್ಲಮಲೆಯಿಂದ ಮಲೆನಾಡಿಗೆ

ಜೆ.ಪಿ. ಹೆಸರು ಇನ್ನೊಂದು ಕಡೆಯೂ ಬರುತ್ತದೆ. 1972ರ ಏಪ್ರಿಲ್‌ನಲ್ಲಿ ಚಂಬಲ್ ಕಣಿವೆಯ ದರೋಡೆಕೋರರು ಜೌರಾದಲ್ಲಿ ಅವರ ಮುಂದೆ ಬಂದೂಕು ಒಪ್ಪಿಸಿದರು. ಅಲ್ಲಿ ಆಶ್ರಮ ಕಟ್ಟಿ ಈ ಕೆಲಸಕ್ಕೆ ನೆಲ ಹದ ಮಾಡಿದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಸುಬ್ಬರಾವ್ ಮುಖ್ಯರು.

ಆಂಧ್ರಪ್ರದೇಶದಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ನೇತೃತ್ವದ ಕಳಕಳಿಯ ನಾಗರಿಕರ ಸಮಿತಿ 1997ರಿಂದ ಹಳ್ಳಿಹಳ್ಳಿ ತಿರುಗಿ, ನಕ್ಸಲರ ಹಿಂಸೆಯನ್ನೂ ಪೊಲೀಸರ ಎನ್‌ಕೌಂಟರನ್ನೂ ಒಂದೇ ದನಿಯಲ್ಲಿ ಪ್ರಶ್ನಿಸಿತು. 1987ರಲ್ಲಿ ನಕ್ಸಲರು ಅಪಹರಿಸಿದ್ದ ಅಧಿಕಾರಿಗಳಲ್ಲಿ ಶಂಕರನ್ ಒಬ್ಬರು. ಅವರೇ ಮುಂದೆ ಆ ಕಡೆಯವರ ಮಾತು ಕೇಳಲು ಹೊರಟರು. 2004ರ ಅಕ್ಟೋಬರ್‌ನಲ್ಲಿ ನಲ್ಲಮಲೆ ಕಾಡಿನಿಂದ ನಾಯಕರು ಬಂದು ಹೈದರಾಬಾದಿನಲ್ಲಿ ಸರ್ಕಾರದೊಡನೆ ನಾಲ್ಕು ದಿನ ಮಾತಾಡಿದರು. ಆಯುಧ ಕೆಳಗಿಡುವ ವಿಷಯದಲ್ಲೂ ಭೂಮಿಯ ವಿಷಯದಲ್ಲೂ ಹೊಂದಾಣಿಕೆಯಾಗದೆ 2005ರ ಜನವರಿಯಲ್ಲಿ ಎಲ್ಲ ಮುರಿಯಿತು. ಏಳು ವರ್ಷ ಕಟ್ಟಿದ್ದು ಮೂರು ತಿಂಗಳಲ್ಲಿ ಹೋಯಿತು.

ಕರ್ನಾಟಕದ ಮಲೆನಾಡಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಆತಂಕ ನಕ್ಸಲ್ ಚಳವಳಿಗೆ ನೆಲೆ ಒದಗಿಸಿತು. 2005ರ ಫೆಬ್ರವರಿಯಲ್ಲಿ ಅದರ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ಮೇಲೂ ಎರಡು ಕಡೆ ಸಾವು ನಿಲ್ಲಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್ ಮುಂತಾದವರಿದ್ದ ಶಾಂತಿಗಾಗಿ ನಾಗರಿಕರ ವೇದಿಕೆಯ ಪ್ರಯತ್ನದಿಂದ 2014ರ ಡಿಸೆಂಬರ್‌ನಲ್ಲಿ ಇಬ್ಬರು ಕಾಡಿನಿಂದ ಹೊರಬಂದರು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ ಬಳಿಕ ವೇದಿಕೆಯೂ ಸರ್ಕಾರದ ಸಮಿತಿಯೂ ಮತ್ತೆ ಮಾತಿಗೆ ಮುಂದಾದವು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಬಂದರು. ‘ಶರಣಾಗತಿ’ ಎನ್ನಬೇಕೋ ‘ಮುಖ್ಯವಾಹಿನಿಗೆ ಬರುವುದು’ ಎನ್ನಬೇಕೋ ಎಂಬುದು ಇಂಥ ಸಂಧಾನದಲ್ಲಿ ಸಣ್ಣ ಮಾತಲ್ಲ. ಮೊದಲನೆಯದರಲ್ಲಿ ಸೋಲು ಮಾತ್ರ ಇದೆ, ಎರಡನೆಯದರಲ್ಲಿ ಬಂದವರ ಬೇಡಿಕೆಗೂ ಜಾಗವಿದೆ. ಕಾಡಂಚಿನ ಕುಟುಂಬಗಳ ಭೂಮಿಯ ಹಕ್ಕು, ಬಂದವರ ಮೇಲಿನ ಮೊಕದ್ದಮೆಗಳ ತ್ವರಿತ ವಿಚಾರಣೆ ಆ ಬೇಡಿಕೆಗಳಲ್ಲಿದ್ದವು. ಕಾಡು ಖಾಲಿಯಾದ ಮಾತ್ರಕ್ಕೆ ವೇದಿಕೆಯ ಕೆಲಸ ಮುಗಿಯಿತೆನ್ನಲಾಗದು.

ಬೇರೆ ದೇಶಗಳು

ಮೊಜಾಂಬಿಕ್‌ನಲ್ಲಿ ಸರ್ಕಾರಕ್ಕೂ ರೆನಾಮೊ ಬಂಡುಕೋರರಿಗೂ ರೋಮಿನ ಸಂತ ಎಜಿದಿಯೊ ಸಮುದಾಯ ಎಂಬ ಕ್ಯಾಥೊಲಿಕ್ ಗೃಹಸ್ಥರ ಸಂಘವೇ ಮಧ್ಯಸ್ಥಿಕೆ ವಹಿಸಿತು. ಬೆಯಿರಾದ ಬಿಷಪ್ ಜೈಮೆ ಗೊನ್ಸಾಲ್ವೆಸ್ ಜೊತೆಗಿದ್ದರು. 27 ತಿಂಗಳ ಮಾತುಕತೆಯ ನಂತರ 1992ರ ಅಕ್ಟೋಬರ್ 4ರಂದು ಒಪ್ಪಂದವಾಯಿತು. ಉತ್ತರ ಐರ್ಲೆಂಡಿನಲ್ಲಿ ಮಾತುಕತೆಗೆ ಪ್ರತಿನಿಧಿಗಳನ್ನು ಆರಿಸಲು 1996ರಲ್ಲಿ ಚುನಾವಣೆ ನಡೆದಾಗ, ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ಎರಡೂ ಕಡೆಯ ಹೆಂಗಸರು ಕೆಲವೇ ವಾರಗಳಲ್ಲಿ ಮಹಿಳಾ ಒಕ್ಕೂಟ ಕಟ್ಟಿ, ಶೇ. 1ರಷ್ಟು ಮತದಿಂದಲೇ ಎರಡು ಸ್ಥಾನ ಪಡೆದರು. 1998ರ ಗುಡ್ ಫ್ರೈಡೇ ಒಪ್ಪಂದದಲ್ಲಿ ಸಂತ್ರಸ್ತರ ಹಕ್ಕು, ಸಮ್ಮಿಶ್ರ ಶಾಲೆಗಳ ಮಾತು ಬಂದದ್ದರ ಹಿಂದೆ ಅವರ ಪಟ್ಟು ಇದೆ. ಅದೇ ಒಪ್ಪಂದದಿಂದ ಹುಟ್ಟಿದ ನಾಗರಿಕ ವೇದಿಕೆ 2000ದಲ್ಲಿ ಸೇರಿ 2002ರಲ್ಲಿ ನಿಂತುಹೋಯಿತು.

ಗ್ವಾಟೆಮಾಲಾದಲ್ಲಿ 1994ರಲ್ಲಿ ಸೇರಿದ ನಾಗರಿಕ ಸಮಾಜದ ಸಭೆ ಒಂದೊಂದು ವಿಷಯಕ್ಕೂ ಕರಡು ಬರೆದು ಕೊಟ್ಟಿತು. 1995ರ ಮೂಲನಿವಾಸಿ ಹಕ್ಕುಗಳ ಒಪ್ಪಂದದಲ್ಲಿ ಅದರ ಛಾಪಿದೆ. 1996ರ ಡಿಸೆಂಬರ್ 29ರಂದು ಅಂತಿಮ ಒಪ್ಪಂದವಾಯಿತು. 1998ರ ಏಪ್ರಿಲ್‌ನಲ್ಲಿ, ಯುದ್ಧದ ದೌರ್ಜನ್ಯಗಳ ವರದಿ ಬಿಡುಗಡೆ ಮಾಡಿದ ಎರಡೇ ದಿನದಲ್ಲಿ ಬಿಷಪ್ ಹುವಾನ್ ಹೆರಾರ್ದಿ ಅವರನ್ನು ಕೊಂದರು. ಮರುವರ್ಷದ ಜನಮತಗಣನೆಯಲ್ಲಿ ಒಪ್ಪಂದಕ್ಕೆ ಬೇಕಾಗಿದ್ದ ಸಂವಿಧಾನ ತಿದ್ದುಪಡಿಗಳು ಬಿದ್ದುಹೋದವು. ಕೊಲಂಬಿಯಾ ಸರ್ಕಾರ ಬಂಡುಕೋರರೊಡನೆ ಹವಾನಾದಲ್ಲಿ ನಡೆಸಿದ ಮಾತುಕತೆಗೆ 2014ರಲ್ಲಿ ಐದು ತಂಡಗಳಲ್ಲಿ 60 ಮಂದಿ ಸಂತ್ರಸ್ತರನ್ನು ಕರೆಸಿ ಎರಡೂ ಕಡೆಯವರ ಎದುರು ಮಾತಾಡಲು ಬಿಟ್ಟಿತು. ಆದರೂ 2016ರ ಅಕ್ಟೋಬರ್ 2ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 50.2 ಮಂದಿ ಒಪ್ಪಂದ ಬೇಡವೆಂದರು. ಬೇಡವೆಂದು ಪ್ರಚಾರ ಮಾಡಿದವರಲ್ಲಿ ಚರ್ಚುಗಳೂ ಸಂಘಟನೆಗಳೂ ಇದ್ದವು.

ಇತಿಮಿತಿ

ನಾಗರಿಕ ಸಮಾಜ ಯಾವಾಗಲೂ ಶಾಂತಿಯ ಪರವಾಗಿರುವುದಿಲ್ಲ. ಶ್ರೀಲಂಕಾದಲ್ಲಿ ಕೆಲವು ಭಿಕ್ಷು ಸಂಘಟನೆಗಳು 2002ರ ಕದನವಿರಾಮವನ್ನು ಬಲವಾಗಿ ವಿರೋಧಿಸಿದವು. ಶಾಂತಿಗಾಗಿ ದುಡಿದ ಸಂಸ್ಥೆಗಳಿಗೆ ವಿದೇಶಿ ಹಣದವರು ಎಂಬ ಹಣೆಪಟ್ಟಿ ಬಿತ್ತು. ಆ ಹಣದ ಸಮಸ್ಯೆ ಸುಳ್ಳೂ ಅಲ್ಲ. ಯೋಜನೆಯ ಅವಧಿ ಎರಡು-ಮೂರು ವರ್ಷ, ಗಾಯ ಮಾಯಲು ಒಂದು ತಲೆಮಾರು ಬೇಕು. ಸಂಘಟನೆಯ ಒಳ್ಳೆಯ ಕಾರ್ಯಕರ್ತರು ರಾಜಧಾನಿಯ ಕಚೇರಿಗೆ ಹೋಗುತ್ತಾರೆ, ಊರಿನ ಕೆಲಸ ನಿಲ್ಲುತ್ತದೆ. ಅಶುತೋಷ್ ವಾರ್ಷ್ಣೆ 2002ರ ಅಧ್ಯಯನದಲ್ಲಿ ಕೋಮುಗಲಭೆಗೆ ಈಡಾದ ಮತ್ತು ಆಗದ ಭಾರತದ ನಗರಗಳನ್ನು ಜೋಡಿಜೋಡಿಯಾಗಿ ಹೋಲಿಸಿದರು. ಹಿಂದೂ ಮುಸ್ಲಿಮರು ಒಂದೇ ಸಂಘದಲ್ಲಿ, ಒಂದೇ ಯೂನಿಯನ್ನಿನಲ್ಲಿ, ಒಂದೇ ವ್ಯಾಪಾರಿ ಮಂಡಳಿಯಲ್ಲಿ ಬೆರೆತಿದ್ದ ಕಲ್ಲಿಕೋಟೆಯಂಥ ಊರುಗಳು ಉಳಿದವು. ತಂತಮ್ಮವರದೇ ಸಂಘ ಕಟ್ಟಿಕೊಂಡಿದ್ದ ಅಲೀಗಢದಂಥ ಊರುಗಳಲ್ಲಿ ಸಂಘಗಳಿದ್ದೂ ಪ್ರಯೋಜನವಾಗಲಿಲ್ಲ. ಎಷ್ಟು ಸಂಘಗಳಿವೆ ಎಂಬುದಲ್ಲ, ಆ ಸಂಘದಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದೇ ಎಣಿಕೆಗೆ ಬರುವುದು.

ನ್ಯಾಯದ ಪ್ರಶ್ನೆ ಎಲ್ಲ ಕಡೆಯೂ ಕೊನೆಗೆ ಉಳಿಯುತ್ತದೆ. ಬಂದೂಕು ಕೆಳಗಿಡಿಸಲು ಕ್ಷಮೆ ಕೊಡಬೇಕಾಗುತ್ತದೆ, ಮನೆಯವರನ್ನು ಕಳೆದುಕೊಂಡವರು ಅದನ್ನು ನುಂಗಿಕೊಳ್ಳಬೇಕಾಗುತ್ತದೆ. ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷ ಶಿಕ್ಷೆಯಾದದ್ದು ಸಿಯೆರಾ ಲಿಯೋನಿನಲ್ಲಿ ಆದ ಅಪರಾಧಗಳಿಗೆ. ಲೈಬೀರಿಯಾದೊಳಗೆ ನಡೆದದ್ದಕ್ಕೆ ಅಲ್ಲಿನ ಯಾವ ನ್ಯಾಯಾಲಯವೂ ಬಣಗಳ ಮುಖಂಡರನ್ನು ವಿಚಾರಣೆಗೆ ಕರೆಯಲಿಲ್ಲ. ಕೆಲವರು ಸೆನೆಟರುಗಳಾದರು. ಸಂತ್ರಸ್ತರ ಸಂಘಟನೆಗಳು ಒತ್ತಾಯ ಬಿಡಲಿಲ್ಲ. 2024ರ ಮೇ ತಿಂಗಳಲ್ಲಿ ಅಧ್ಯಕ್ಷ ಜೋಸೆಫ್ ಬೋಕಾಯ್ ಯುದ್ಧಾಪರಾಧ ನ್ಯಾಯಾಲಯ ಸ್ಥಾಪನೆಗೆ ಕಚೇರಿಯೊಂದನ್ನು ತೆರೆಯುವ ಆದೇಶಕ್ಕೆ ಸಹಿ ಹಾಕಿದರು. ಸೇಂಟ್ ಪೀಟರ್ಸ್ ಚರ್ಚಿನ ಹತ್ಯಾಕಾಂಡದಲ್ಲಿ ಬದುಕುಳಿದ ನಾಲ್ವರು, ಲೈಬೀರಿಯಾದ ಕಾರ್ಯಕರ್ತರು ವರ್ಷಗಟ್ಟಲೆ ಕಲೆಹಾಕಿದ ಸಾಕ್ಷ್ಯದ ನೆರವಿನಿಂದ, ಅಮೆರಿಕದಲ್ಲಿ ನೆಲೆಸಿದ್ದ ಒಬ್ಬ ಮಾಜಿ ಸೇನಾಧಿಕಾರಿಯ ಮೇಲೆ ಫಿಲಡೆಲ್ಫಿಯಾದಲ್ಲಿ ಸಿವಿಲ್ ದಾವೆ ಹೂಡಿದ್ದರು. 2021ರಲ್ಲಿ, ಆ ರಾತ್ರಿ ಕಳೆದ 31 ವರ್ಷಗಳ ಮೇಲೆ, ನ್ಯಾಯಾಲಯ ಅವನನ್ನು ಹೊಣೆಗಾರನೆಂದು ತೀರ್ಪು ಕೊಟ್ಟಿತು. ತಮ್ಮ ಊರಿನಲ್ಲಿ ಇನ್ನೂ ಭಯವಿದ್ದ ಕಾರಣ ಆ ನಾಲ್ವರೂ ದಾವೆಯನ್ನು ಹೂಡಿದ್ದು ಹೆಸರು ಮರೆಮಾಚಿಕೊಂಡು.